ಗಾಡೀಲಿ ಮನೆ ಕಟ್ಕೊಂಡು ಮ್ಯಾಚಿಗೆ

ಕಮಾನು ಗಾಡಿ ಅಂದ್ರೆ ಈಗಿನ ಮಕ್ಕಳಿಗೆ ಹಳೇ ಸಿನಿಮಾದಲ್ಲಿ ಹೀರೋಯಿನ್ ಕೂತ್ಕೊಂಡು ಹಾಡು ಹೇಳೋ ಗಾಡಿ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೇಲಿ ಅದು ಇಡೀ ಸಂಸಾರ ಹೊರೋ ಗಾಡಿ. ಈ ಸಲ, 2024ರ ಫೆಬ್ರವರಿಯಲ್ಲಿ, ನಾವು ಐದು ಜನ ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದು ಬೆಂಗಳೂರಿಗೆ ಹೋಗಿ, ಒಂದು ಕ್ರಿಕೆಟ್ ಮ್ಯಾಚು, ಎರಡು ಪಾರ್ಕು ನೋಡ್ಕೊಂಡು ಬಂದ್ವಿ. ಅದನ್ನ ಬರಿ ಅಂತ ಮಗಳು ಒಂದೇ ಸಮ ಹಠ. ಬರೆಯೋಕೆ ಕೂತ್ರೆ ನನಗೆ ಮೊದಲು ನೆನಪಾಗಿದ್ದು ನಮ್ಮಪ್ಪನ ಗಾಡಿ. ಹಂಗಾಗಿ ಅಲ್ಲಿಂದಾನೇ ಬರ್ತೀನಿ. ಮ್ಯಾಚು ಎಲ್ಲಿ ಅಂತ ಅವಸರ ಮಾಡ್ಬೇಡಿ.

ನನ್ನ ತವರು ಕೊರಟಗೆರೆ ತಾಲೂಕಿನ ಒಂದು ಸಣ್ಣ ಹಳ್ಳಿ. ನಾನು ಹುಟ್ಟಿದ್ದು 1970ರಲ್ಲಿ. ನನಗೆ ಬುದ್ಧಿ ಬರೋ ಹೊತ್ತಿಗೆ ಕೆಂಪು ಬಸ್ಸು ಬಂದಿತ್ತು, ಆದ್ರೂ ಅಪ್ಪನ ಗಾಡಿ ಇನ್ನೂ ಓಡ್ತಿತ್ತು. ಬಿದಿರು ದಬ್ಬೆ ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಈಚಲು ಚಾಪೆ ಹೊದಿಸೋರು. ಒಳಗೆ ದಪ್ಪಕ್ಕೆ ಹುಲ್ಲು, ಹುಲ್ಲಿನ ಮೇಲೆ ಗೋಣಿತಾಟು, ಅದರ ಮೇಲೆ ಜಮಖಾನ. ಆ ಹುಲ್ಲು ನಮಗೆ ಮೆತ್ತೆ, ಎತ್ತಿಗೆ ಮೇವು. ದಾರೀಲಿ ಎತ್ತು ತಿಂದಷ್ಟೂ ನಮ್ಮ ಮೆತ್ತೆ ತೆಳ್ಳಗಾಗೋದು. ವಾಪಸ್ ಬರೋವಾಗ ಹಲಗೆ ಸೊಂಟಕ್ಕೆ ಒತ್ತೋದು. ಅಚ್ಚಿನ ಕೆಳಗೆ ಲಾಟೀನು ತೂಗ್ತಿತ್ತು. ಹಿಂದುಗಡೆ ರಾಗಿಹಿಟ್ಟಿನ ಚೀಲ, ಹುರುಳಿಕಾಳು, ಉಪ್ಪು, ಖಾರದಪುಡಿ, ಹುಣಸೆಹಣ್ಣು, ಮುದ್ದೆ ಕೋಲು, ಎರಡು ಪಾತ್ರೆ, ಒಂದು ಬಿಂದಿಗೆ ನೀರು. ಇಷ್ಟಿದ್ರೆ ನಾಕು ದಿನದ ಸಂಸಾರ ನಡೀತು ಅಂತ ಲೆಕ್ಕ.

ಹೋಗ್ತಿದ್ದಿದ್ದಾದ್ರೂ ಎಲ್ಲಿಗೆ? ಜಾತ್ರೆಗೆ. ನಮ್ಮ ತಾಲೂಕಿನ ಕ್ಯಾಮೇನಹಳ್ಳಿ ದನಗಳ ಜಾತ್ರೆ, ಮಧುಗಿರಿ ದಂಡಿನ ಮಾರಮ್ಮನ ಜಾತ್ರೆ, ಸಿದ್ಧರಬೆಟ್ಟ, ಒಂದೊಂದ್ಸಲ ಪಾವಗಡದ ಶನಿಮಹಾತ್ಮನ ಗುಡಿ. ನಮ್ಮಜ್ಜಿ ಸಾಯೋವರೆಗೂ ಮಧುಗಿರೀನ ಮದ್ದಗಿರಿ ಅಂತಾನೇ ಅಂತಿದ್ದಳು. ಜಾತ್ರೆ ಸೇರಿದ ಮೇಲೆ ಗಂಡಸ್ರು ಎತ್ತಿನ ಹಲ್ಲು ಎಣಿಸೋಕೆ, ಕುಸ್ತಿ ನೋಡೋಕೆ ಹೋಗೋರು. ಹೆಂಗಸ್ರು ಗಾಡಿ ಇಳಿದ ತಕ್ಷಣ ಮಾಡೋ ಮೊದಲನೇ ಕೆಲಸ ಮೂರು ಕಲ್ಲು ಹುಡುಕೋದು, ಒಲೆ ಹೂಡೋದು. ನಮ್ಮಮ್ಮ ಕ್ಯಾಮೇನಹಳ್ಳಿ ಜಾತ್ರೆಗೆ ಹದಿನೇಳು ಸಲ ಹೋಗಿದ್ದಳಂತೆ. ಕುಸ್ತಿ ಹೆಂಗಿರುತ್ತಮ್ಮ ಅಂತ ಕೇಳಿದ್ರೆ, "ಧೂಳು ಕಾಣ್ತದೆ, ಕೇಕೆ ಕೇಳ್ತದೆ" ಅಂತಿದ್ದಳು. ಮನೇಲಿ ಮಾಡೋ ಕೆಲಸಾನೇ ಗಾಳೀಲಿ, ಹೊಗೇಲಿ ಮಾಡಿ ಬರೋದು. ಅದಕ್ಕೆ ಜಾತ್ರೆ ಅಂತ ಹೆಸರು.

ಇನ್ನೊಂದು ವಿಷಯ ಐತೆ. ಬರೀಬಾರದು ಅಂತ ಕೆಲವರು ಅನ್ಬಹುದು, ನಾನು ಬರೀತೀನಿ. ಗಾಡಿ ಯಾವಾಗ್ಲೂ ಕೋಳಿ ಕೂಗೋ ಹೊತ್ತಿಗೇ ಹೊರಡೋದು. ಎತ್ತಿಗೆ ಬಿಸಿಲು ತಾಗಬಾರದು ಅಂತ ಗಂಡಸ್ರು ಹೇಳೋರು. ಅದೂ ನಿಜಾನೇ. ಆದ್ರೆ ಕತ್ತಲಿದ್ದಾಗ ಹೊರಟ್ರೆ ದಾರೀಲಿ ಒಂದ್ಸಲ ಗಾಡಿ ನಿಲ್ಲಿಸಿ ಹೆಂಗಸ್ರು ಬೇಲಿ ಮರೆಗೆ ಹೋಗಿಬರಬಹುದಿತ್ತು. ಬೆಳಕು ಹರಿದ ಮೇಲೆ ಸಂಜೆವರೆಗೂ ಇಲ್ಲ. ನಮ್ಮ ಕಡೆ ಬಯಲು ನೋಡಿದೋರಿಗೆ ಗೊತ್ತು, ಮೈಲಿಗಟ್ಟಲೆ ಕಡ್ಲೆಕಾಯಿ ಹೊಲ, ಮೊಣಕಾಲೆತ್ತರದ ಗಿಡ ಬಿಟ್ರೆ ಮರೆ ಅನ್ನೋದೇ ಇಲ್ಲ. ಅದಕ್ಕೇ ಹಿಂದಿನ ರಾತ್ರಿಯಿಂದಾನೇ ನೀರು ಕುಡೀತಿರಲಿಲ್ಲ. ಬಸ್ಸು ಬಂದ ಮೇಲೂ ಈ ಪದ್ಧತಿ ತಪ್ಪಲಿಲ್ಲ. ಪಾವಗಡದಿಂದ ಬೆಂಗಳೂರಿಗೆ ಬಸ್ಸಲ್ಲಿ ನಾಕು ಗಂಟೆ ಮೇಲೆ. ನಮ್ಮಕ್ಕ ಪಾವಗಡಕ್ಕೆ ಕೊಟ್ಟ ಹೆಣ್ಣು. ಸಕ್ಕರೆ ಕಾಯಿಲೆ ಬಂದ ಮೇಲೆ ಅವಳು ಬಸ್ಸು ಹತ್ತೋದನ್ನೇ ಬಿಟ್ಟಳು. ಮದುವೆ, ಗೃಹಪ್ರವೇಶ, ಏನಕ್ಕೆ ಕರೆದ್ರೂ "ಮಂಡಿ ನೋವು ಕಣೇ" ಅಂತಾಳೆ. ಮಂಡಿ ನೋವೂ ಐತೆ ಬಿಡಿ.

ನಮ್ಮ ಯಜಮಾನ್ರು ರಿಟೈರ್ಡ್ ಮೇಷ್ಟ್ರು. ಬಿ.ಎಲ್. ರೈಸ್ ಅನ್ನೋರು ಬರೆದ ಹಳೇ ಮೈಸೂರು ಗೆಜೆಟಿಯರ್ ಅಂದ್ರೆ ಅವರಿಗೆ ಪಂಚಪ್ರಾಣ. ಓದಿ ಓದಿ ನನಗೆ ಹೇಳ್ತಿರ್ತಾರೆ, ನಾನು ಸೊಪ್ಪು ಬಿಡಿಸ್ಕೊಂಡು ಕೇಳ್ತಿರ್ತೀನಿ. ಅದರಲ್ಲಿ ಶಿರಾ ಬಗ್ಗೆ ಇದೆ. ಶಿರಾ ಅಂದ್ರೆ ಈಗ ಹೈವೇ ಪಕ್ಕದ ಊರು ಅಷ್ಟೇ ಅಲ್ವಾ? ಒಂದು ಕಾಲಕ್ಕೆ ಅದು ರಾಜಧಾನಿ ಕಣ್ರೀ. 1687ರಲ್ಲಿ ಔರಂಗಜೇಬನ ಸೈನ್ಯ ಈ ಸೀಮೆ ಹಿಡಿದ ಮೇಲೆ ಶಿರಾನೇ ಮೊಗಲರ ಸುಬಾಕ್ಕೆ ಮುಖ್ಯ ಪಟ್ಟಣ ಆಯ್ತು. ದಿಲಾವರ್ ಖಾನ್ ಅನ್ನೋ ನವಾಬ ಇದ್ದಾಗ ಊರಲ್ಲಿ ಐವತ್ತು ಸಾವಿರ ಮನೆ ಇತ್ತು ಅಂತ ಹೇಳ್ತಿದ್ದರಂತೆ. ಆಮೇಲೆ ಮರಾಠರು, ಹೈದರಾಲಿ, ತಿರುಗಾ ಮರಾಠರು, ತಿರುಗಾ ಟಿಪ್ಪು, ಹಿಂಗೆ ಕೈಯಿಂದ ಕೈಗೆ ಹೋಗಿ ಊರು ಸವೆದುಹೋಯ್ತು. ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಅಂತ ಹೊಸ ಪೇಟೆ ಕಟ್ಟಿಸಿದಾಗ, ಅಲ್ಲಿ ಜನ ತುಂಬಿಸೋಕೆ ಟಿಪ್ಪು ಶಿರಾದಿಂದ 12,000 ಸಂಸಾರ ಎಬ್ಬಿಸಿ ಕಳಿಸಿದನಂತೆ.

ಹನ್ನೆರಡು ಸಾವಿರ ಸಂಸಾರ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟವ್ರೆ. ಯಜಮಾನ್ರು ಅದನ್ನ ಓದಿ ಮುಂದಿನ ಪುಟಕ್ಕೆ ಹೋದ್ರು. ನನಗೆ ಕಣ್ಮುಂದೆ ಬಂದಿದ್ದು ಹನ್ನೆರಡು ಸಾವಿರ ಒಲೆ. ಶಿರಾದಿಂದ ಶ್ರೀರಂಗಪಟ್ಟಣಕ್ಕೆ ಎತ್ತಿನ ಗಾಡೀಲಿ ಏನಿಲ್ಲ ಅಂದ್ರೂ ವಾರದ ದಾರಿ. ಗಾಡಿ ಇದ್ದೋರು ಗಾಡೀಲಿ, ಇಲ್ಲದೋರು ತಲೆ ಮೇಲೆ. ಬೀಸೋ ಕಲ್ಲು ತಗೊಂಡೋಗಿದ್ದರೋ ಬಿಟ್ಟೋಗಿದ್ದರೋ, ಬಸುರಿ ಬಾಣಂತೀರು ಏನು ಮಾಡಿದ್ರೋ. ಮನೇನ ಗಾಡಿಗೆ ಕಟ್ಕೊಂಡು ಹೋಗೋದು ಯಾವಾಗ್ಲೂ ಖುಷಿಗೆ ಆಗಿರಲಿಲ್ಲ ನಮ್ಮ ಸೀಮೇಲಿ. ಬರಗಾಲ ಬಂದ್ರೂ ಗಾಡಿ ಕಟ್ಟಬೇಕು, ದೊರೆ ಹೇಳಿದ್ರೂ ಕಟ್ಟಬೇಕು.

ಇನ್ನು ಕ್ರಿಕೆಟ್ಟಿಗೆ ಬರೋಣ.

ನಮ್ಮಪ್ಪ ಹುಣಸೆಹಣ್ಣು, ಕಡ್ಲೆಕಾಯಿ ವ್ಯಾಪಾರ ಮಾಡ್ತಿದ್ದೋರು, ಹಂಗಾಗಿ ಮನೇಲಿ ರೇಡಿಯೋ ಇತ್ತು. 1973ರ ನವೆಂಬರ್ ಒಂದಕ್ಕೆ ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತಲ್ಲ, ಅದೇ ಸೀಸನ್ನಲ್ಲಿ ಕರ್ನಾಟಕ ಮೊದಲನೇ ಸಲ ರಣಜಿ ಟ್ರೋಫಿ ಗೆದ್ದಿದ್ದು. ಅದಕ್ಕೆ ಮುಂಚೆ ಹದಿನೈದು ವರ್ಷ ಬಿಡದೆ ಬಾಂಬೆಯೋರೇ ಗೆಲ್ತಿದ್ದರು. ಅವರನ್ನ ಸೆಮಿಫೈನಲ್ಲಲ್ಲಿ ಕೆಡವಿ ಗೆದ್ದರು ನಮ್ಮೋರು. ಪ್ರಸನ್ನ ಕ್ಯಾಪ್ಟನ್, ಚಂದ್ರಶೇಖರ್ ಇದ್ರು, ಭದ್ರಾವತಿ ವಿಶ್ವನಾಥ್ ಇದ್ರು. ಈ ಹೆಸರೆಲ್ಲ ನಮ್ಮನೇಲಿ ನೆಂಟರ ಹೆಸರಿನ ಥರ ಓಡಾಡ್ತಿದ್ವು. ಮುಂದಿನ ವರ್ಷ, 1974ರ ನವೆಂಬರಲ್ಲಿ, ಬೆಂಗಳೂರಿನ ಹೊಸ ಸ್ಟೇಡಿಯಮ್ಮಲ್ಲಿ ಮೊದಲನೇ ಟೆಸ್ಟ್ ಮ್ಯಾಚು. ಈಗ ಚಿನ್ನಸ್ವಾಮಿ ಅಂತೀವಲ್ಲ, ಅದೇ. ವೆಸ್ಟ್ ಇಂಡೀಸ್ ಬಂದಿತ್ತು. ರಿಚರ್ಡ್ಸ್, ಗ್ರೀನಿಡ್ಜ್ ಇಬ್ರೂ ಮೊದಲನೇ ಟೆಸ್ಟ್ ಆಡಿದ್ದು ಅಲ್ಲೇನೇ. ಅಪ್ಪ ಮಂಡಿಗೆ ಹಣ್ಣು ಹಾಕೋ ನೆಪ ಮಾಡ್ಕೊಂಡು ಒಂದು ದಿನದ ಆಟ ನೋಡ್ಕೊಂಡು ಬಂದ್ರು. ನಾವು ಸೋತ್ವಿ. ಆದ್ರೂ ತಿಂಗಳುಗಟ್ಟಲೆ ಅದೇ ಮಾತು.

ನಮ್ಮಕ್ಕ ನನಗಿಂತ ಎಂಟು ವರ್ಷ ದೊಡ್ಡೋಳು. ಕೊರಟಗೆರೆ ಹೈಸ್ಕೂಲಿಗೆ ನಡ್ಕೊಂಡು ಹೋಗೋಳು. ಒಳ್ಳೇ ಕೈ ಇತ್ತು ಅವಳಿಗೆ. ಕವಣೆ ಇಲ್ಲದೆ ಬರೀ ಕೈಯಲ್ಲಿ ಕಲ್ಲು ಬೀಸಿ ಹುಣಸೆಕಾಯಿ ಉದುರಿಸೋಳು, ಹುಡುಗ್ರು ನಿಂತು ನೋಡೋರು. 1976ರಲ್ಲಿ ಅವಳಿಗೆ ಹದಿನಾಲ್ಕು. ಆ ವರ್ಷ ಅಕ್ಟೋಬರ್ 31ಕ್ಕೆ ಅದೇ ಬೆಂಗಳೂರು ಸ್ಟೇಡಿಯಮ್ಮಲ್ಲಿ ಭಾರತದ ಹೆಣ್ಮಕ್ಳ ತಂಡ ಮೊಟ್ಟಮೊದಲನೇ ಟೆಸ್ಟ್ ಆಡಿತು. ಅದೂ ವೆಸ್ಟ್ ಇಂಡೀಸ್ ಮೇಲೇನೇ. ಕ್ಯಾಪ್ಟನ್ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಭಾರತದ ಹೆಂಗಸರ ಟೆಸ್ಟ್ ಚರಿತ್ರೆ ಶುರುವಾಗಿದ್ದೇ ನಮ್ಮ ಬೆಂಗಳೂರಲ್ಲಿ ಅಂತ ಎಷ್ಟು ಜನಕ್ಕೆ ಗೊತ್ತು? ಮೂರು ದಿನದ ಮ್ಯಾಚು, ಡ್ರಾ ಆಯ್ತು. ಆಮೇಲೆ ನವೆಂಬರಲ್ಲಿ ಪಟ್ನಾದಲ್ಲಿ ಗೆದ್ದರು. ಮುಂದಿನ ವರ್ಷ ನ್ಯೂಜಿಲೆಂಡಲ್ಲಿ ಶಾಂತಾ ಅವರು ನೂರು ಹೊಡೆದ್ರು. ಟೆಸ್ಟಲ್ಲಿ ನೂರು ಹೊಡೆದ ಭಾರತದ ಮೊದಲನೇ ಹೆಣ್ಮಗಳು ಅವರೇ. ಮಹಿಳಾ ಕ್ರಿಕೆಟರಿಗೆ ಮೊದಲು ಅರ್ಜುನ ಪ್ರಶಸ್ತಿ ಸಿಕ್ಕಿದ್ದೂ ಅವರಿಗೇನೇ.

ಪೇಪರಲ್ಲಿ ಸುದ್ದಿ ಓದಿ ಅಕ್ಕ ಅಪ್ಪನ್ನ ಕೇಳಿದ್ಳು, ನನ್ನೂ ಕರ್ಕೊಂಡೋಗು ಅಂತ. ಅಪ್ಪ ಕೆಟ್ಟೋರಲ್ಲ. ಬಯ್ಯಲಿಲ್ಲ. "ಹೆಣ್ಮಕ್ಳು ಆಡೋದನ್ನ ನೋಡೋಕೆ ಬೆಂಗಳೂರಿಗೆ ಹೋಗ್ಬೇಕೇನವ್ವಾ? ಇಲ್ಲೇ ನಿನ್ನ ತಂಗಿ ಕುಂಟೆಬಿಲ್ಲೆ ಆಡ್ತವ್ಳೆ ನೋಡು" ಅಂದು ನಕ್ಕರು. ಎಲ್ಲಾರೂ ನಕ್ಕರು. ನಾನೂ ನಕ್ಕೆ, ಆರು ವರ್ಷದ ಕೂಸು, ನನ್ನ ಹೆಸರು ಬಂತಲ್ಲ ಅಂತ. ಅಕ್ಕ ಎದ್ದು ನೀರಿಗೆ ಹೋದಳು. ಹದಿನೇಳು ತುಂಬೋಕೆ ಮುಂಚೆ ಪಾವಗಡಕ್ಕೆ ಮದುವೆ ಮಾಡಿ ಕಳಿಸಿದ್ರು. ಆ ಮಾತು ಆಮೇಲೆ ಮನೇಲಿ ಯಾರೂ ಎತ್ತಲಿಲ್ಲ.

ನನಗೆ ಆ ಆಟಗಾರ್ತಿಯರ ಕಥೆ ಗೊತ್ತಾಗಿದ್ದು ಬಹಳ ತಡವಾಗಿ. ದುಡ್ಡಿರಲಿಲ್ಲವಂತೆ ಅವರ ಸಂಘದಲ್ಲಿ. ಸಂಘ ಅಂತ ಕಟ್ಟಿದ್ದೇ 1973ರಲ್ಲಿ. ರಿಸರ್ವೇಶನ್ ಇಲ್ಲದ ರೈಲು ಡಬ್ಬೀಲಿ ಹೋಗ್ತಿದ್ದರಂತೆ, ಹಾಸಿಗೆ ಸುರುಳಿ ಸುತ್ಕೊಂಡು, ಬ್ಯಾಟು ಪ್ಯಾಡು ಬೆನ್ನಿಗೆ ಹಾಕ್ಕೊಂಡು, ಕೈಲಿ ಸೂಟ್‌ಕೇಸು. ಹಾಸ್ಟೆಲ್ಲಿನಂಥ ದೊಡ್ಡ ಕೋಣೇಲಿ ಎಲ್ಲಾರೂ ಸಾಲಾಗಿ ನೆಲದ ಮೇಲೆ ಮಲಗೋದು. ಬಿಸಿಸಿಐ ಅವರನ್ನ ಒಳಗೆ ಸೇರಿಸ್ಕೊಂಡಿದ್ದು 2006ರಲ್ಲಿ. ಅಂದ್ರೆ ಮೂವತ್ತು ವರ್ಷ ಆ ಹೆಣ್ಮಕ್ಳು ಮನೇನ ಬೆನ್ನ ಮೇಲೆ ಹೊತ್ಕೊಂಡು ಹೋಗಿ ದೇಶಕ್ಕೆ ಆಡಿದ್ರು. ಇದನ್ನ ಓದಿದಾಗ ನನಗೆ ಕ್ಯಾಮೇನಹಳ್ಳಿ ನೆನಪಾಯ್ತು. ನಮ್ಮಮ್ಮ ಹೊತ್ಕೊಂಡೋಗಿದ್ದೂ ಹಾಸಿಗೇನೇ, ಇವರು ಹೊತ್ಕೊಂಡೋಗಿದ್ದೂ ಹಾಸಿಗೇನೇ. ಇವರು ಹೋಗಿ ಆಟ ಆಡಿದ್ರು, ಅಷ್ಟು ವ್ಯತ್ಯಾಸ.

2023ರಲ್ಲಿ ಹೆಣ್ಮಕ್ಳ ಪ್ರೀಮಿಯರ್ ಲೀಗ್ ಶುರುವಾಯ್ತು, ಆದ್ರೆ ಆ ವರ್ಷ ಎಲ್ಲಾ ಮ್ಯಾಚೂ ಮುಂಬೈ ಕಡೇನೇ. 2024ರಲ್ಲಿ ಮೊದಲನೇ ಸಲ ಬೆಂಗಳೂರಿಗೆ ಬಂತು. ಬೆಂಗಳೂರಲ್ಲಿ ಕೆಲಸದಲ್ಲಿರೋ ಮಗಳು ಫೋನ್ ಮಾಡಿ, "ಅಮ್ಮಾ, ಫೆಬ್ರವರಿ 24, ಶನಿವಾರ, ನಮ್ಮ ಆರ್‌ಸಿಬಿ ಹುಡ್ಗೀರ ಮ್ಯಾಚಿದೆ, ದೊಡ್ಡಮ್ಮನ್ನ ಕರ್ಕೊಂಡು ಬಾ" ಅಂದ್ಳು. ಅಕ್ಕನ ಹಳೇ ಕಥೆ ನಾನೇ ಅವಳಿಗೆ ಹೇಳಿದ್ದೆ. ಅಕ್ಕ ಬರಲ್ಲ, ಮಂಡಿ ನೋವು ಅಂತಾಳೆ ಅಂದೆ. "ಮಂಡಿ ನೋವಿಗೆ ಕ್ಯಾರವಾನ್ ನೋಡಿದೀನಿ" ಅಂದ್ಳು.

ಶೂಟಿಂಗಲ್ಲಿ ಹೀರೋಗಳು ಕೂತ್ಕೋತಾರಲ್ಲ, ಆ ಕ್ಯಾರವಾನ್ ಅಂತ ನಾನು ಅಂದ್ಕೊಂಡಿದ್ದೆ. ಇದು ಅದರ ತಮ್ಮ. ಟೆಂಪೋ ಟ್ರಾವೆಲರ್ ಗಾಡೀನೇ ಒಳಗೆಲ್ಲ ಬಿಚ್ಚಿ ಮನೆ ಮಾಡಿದಾರೆ. ಮುಂದೆ ಸೀಟು, ಹಿಂದೆ ಮಲಗೋಕೆ ಮೇಲೊಂದು ಕೆಳಗೊಂದು ಹಾಸಿಗೆ, ಪಕ್ಕದಲ್ಲಿ ಒಂದು ಮೊಳ ಅಡುಗೆ ಕಟ್ಟೆ, ಸಣ್ಣ ಗ್ಯಾಸು, ನಲ್ಲಿ, ಚಿಕ್ಕ ಫ್ರಿಜ್ಜು. ಮೂಲೇಲಿ ಬಾಗಿಲು ತೆಗೆದ್ರೆ ಟಾಯ್ಲೆಟ್ಟು. ಎರಡು ದಿನಕ್ಕೆ ಬಾಡಿಗೆ ಕೇಳಿ ಯಜಮಾನ್ರು ಒಂದು ಹೊತ್ತು ಮಾತಾಡಲಿಲ್ಲ. ಆಮೇಲೆ ಖರ್ಚನ್ನ ಮೂರು ಮನೆಗೂ ಹಂಚಿಕೊಂಡ್ವಿ.

ಶನಿವಾರ ಬೆಳಗಿನ ಜಾವ ಗಾಡಿ ಪಾವಗಡಕ್ಕೆ ಹೋಗಿ ಅಕ್ಕನ್ನೂ ಅವಳ ಹನ್ನೊಂದು ವರ್ಷದ ಮೊಮ್ಮಗಳನ್ನೂ ಕರ್ಕೊಂಡು ಮಧುಗಿರಿಗೆ ಬಂತು. ಶಿರಾದಿಂದ ನಮ್ಮ ನಾದಿನಿ ಹಿಂದಿನ ರಾತ್ರೀನೇ ಬಂದಿದ್ರು. ಅಕ್ಕ ಗಾಡಿ ಬಾಗಿಲಲ್ಲೇ ನಿಂತು ನನಗೆ ಕಿವೀಲಿ ಹೇಳಿದ್ದು, "ಇದೇನೇ ಇದು, ಒಲೆ ಮಗ್ಗುಲಲ್ಲೇ ಕಕ್ಕಸು ಮಡಗವ್ರೆ! ಮಡಿ ಮೈಲಿಗೆ ಒಂದೂ ಬ್ಯಾಡವಾ?" ಕೊರಟಗೆರೆ ದಾಟಿ ತವರು ಮನೆ ಮುಂದೆ ನಿಲ್ಲಿಸಿ, ತಮ್ಮನ ಹೆಂಡತಿ ಕೈ ಅವರೆಕಾಳು ಉಪ್ಪಿಟ್ಟು ತಿಂದ್ವಿ. ಅಲ್ಲಿ ಅಕ್ಕ ಎರಡು ಲೋಟ ಕಾಫಿ ಕುಡಿದ್ಳು. ಪ್ರಯಾಣದ ಮಧ್ಯೆ ನಮ್ಮಕ್ಕ ಕಾಫಿ ಕುಡಿದಿದ್ದು ನಾನು ನೋಡಿದ್ದು ಅವತ್ತೇ ಮೊದಲು. ಡಾಬಸ್‌ಪೇಟೆ ಹತ್ರ ಹೈವೇ ಸೇರೋ ಹೊತ್ತಿಗೆ ಎದ್ದು, ಸೀಟು ಹಿಡ್ಕೊಂಡು ನಿಧಾನಕ್ಕೆ ಹಿಂದೆ ಹೋಗಿ ಬಂದ್ಳು. ಏನೂ ಮಾತಾಡಲಿಲ್ಲ. ಆಮೇಲೆ ಮಡಿ ಮೈಲಿಗೆ ಮಾತೂ ಬರಲಿಲ್ಲ.

ಅಡುಗೆ ವಿಚಾರ ಕೇಳ್ತೀರಿ ಅಂತ ಗೊತ್ತು. ಗ್ಯಾಸ್ ಒಲೆ ಹಚ್ಚೋದು ಬ್ಯಾಡ ಅಂತ ನಾವು ಮೂರೂ ಹೆಂಗಸ್ರು ಮೊದಲೇ ಮಾತಾಡ್ಕೊಂಡಿದ್ವಿ. ಪುಳಿಯೋಗರೆ ಗೊಜ್ಜು, ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಹುರಿದ ಕಡ್ಲೆಕಾಯಿ, ಇಷ್ಟು ಮನೇಲೇ ಮಾಡಿ ತಗೊಂಡಿದ್ದು. ಟೀ ಬೇಕು ಅಂದ್ರೆ ಯಜಮಾನ್ರು ಕಾಯಿಸ್ಕೋಬೇಕು. ಕಾಯಿಸಿದ್ರು, ಎರಡು ಸಲ. ಸಕ್ಕರೆ ಜಾಸ್ತಿ.

ತುಮಕೂರು ರಸ್ತೇಲಿ ದಾಸರಹಳ್ಳಿ ಹತ್ರ ನೆಂಟರದ್ದೊಂದು ಖಾಲಿ ಸೈಟಿತ್ತು. ಅಲ್ಲಿ ಗಾಡಿ ನಿಲ್ಲಿಸಿ, ಮೆಟ್ರೋ ಹತ್ತಿ ಮೆಜೆಸ್ಟಿಕ್ಕಲ್ಲಿ ಬದಲಾಯಿಸಿ ಕಬ್ಬನ್ ಪಾರ್ಕಲ್ಲಿ ಇಳಿದ್ವಿ. ಪಾರ್ಕು, ಸ್ಟೇಡಿಯಂ ಎರಡೂ ಅಲ್ಲೇ ಅಕ್ಕಪಕ್ಕ. 1870ರಲ್ಲಿ ಸ್ಯಾಂಕಿ ಅನ್ನೋ ಇಂಜಿನಿಯರು ಮಾಡಿದ್ದು ಆ ಪಾರ್ಕು. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್, 1927ರಲ್ಲಿ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿಟ್ಟರು. ಜನ ಮಾತ್ರ ಕಬ್ಬನ್ ಪಾರ್ಕನ್ನ ಬಿಡಲಿಲ್ಲ. ಬಿದಿರು ಮೆಳೆ ಕೆಳಗೆ ಜಮಖಾನ ಹಾಸಿ, ರೊಟ್ಟಿ ಚಟ್ನಿ ಮುಗಿಸಿದ್ವಿ. ಸ್ಟೇಡಿಯಂ ಒಳಕ್ಕೆ ತಿಂಡಿ ಬಿಡಲ್ಲ ಅಂತ ಮಗಳು ಮೊದಲೇ ಹೇಳಿದ್ದಳು. ಕೆಂಪು ಅಠಾರಾ ಕಚೇರಿ ತೋರಿಸಿ ಯಜಮಾನ್ರು ಪಾಠ ಶುರುಮಾಡಿದ್ರು, ಮೊಮ್ಮಗಳು ಅಳಿಲು ಹಿಂದೆ ಓಡಿಹೋಯ್ತು.

ಸಂಜೆ ಏಳೂವರೆಗೆ ಮ್ಯಾಚು. ಮೆಟ್ಟಿಲು ಹತ್ತೋಕೆ ಅಕ್ಕನಿಗೆ ಕಷ್ಟ ಆಯ್ತು, ಒಂದೊಂದೇ ಮೆಟ್ಟಿಲು, ನನ್ನ ಹೆಗಲು ಹಿಡ್ಕೊಂಡು. ಮೇಲೆ ಹತ್ತಿ ತಿರುಗಿದಾಗ ಆ ದೀಪದ ಬೆಳಕಲ್ಲಿ ಹಸಿರು ಕಂಡಿತು ನೋಡಿ. ಅಕ್ಕ ನಿಂತೇಬಿಟ್ಳು. ಹಿಂದಿನೋರು "ಕೂತ್ಕೊಳಿ ಆಂಟಿ" ಅಂತ ಕೂಗೋವರೆಗೂ ನಿಂತಿದ್ಳು.

ಜನ ಜಾತ್ರೆ. ಅರ್ಧಕ್ಕರ್ಧ ಹೆಣ್ಮಕ್ಳೇ ಕೂತವ್ರೆ ಅನ್ನಿಸ್ತು ನನಗೆ. ಅಪ್ಪಂದಿರು ಹೆಗಲ ಮೇಲೆ ಕೂಸು ಕೂರಿಸ್ಕೊಂಡು ಬಂದವ್ರೆ. ನಮ್ಮೋರು ಮೊದಲು ಆಡಿ 157 ಹೊಡೆದ್ರು. ಮೇಘನಾ ಅನ್ನೋ ಹುಡುಗಿ 53, ರಿಚಾ ಘೋಷ್ 62. ಆ ರಿಚಾ ಹೊಡೆಯೋದು ನೋಡಿ ನಮ್ಮ ನಾದಿನಿ, "ಭತ್ತ ಬಡಿಯೋ ಕೈ ಕಣಮ್ಮ ಇದು" ಅಂದ್ರು. ಆಮೇಲೆ ಉತ್ತರ ಪ್ರದೇಶದ ತಂಡ ಆಡೋಕೆ ಬಂತು. ಗೆದ್ದೇಬಿಡ್ತಾರೆ ಅನ್ನೋ ಹಂಗಿತ್ತು. ಹದಿನೇಳನೇ ಓವರು. ಆಶಾ ಶೋಭನಾ ಅಂತ ಕೇರಳದೋಳು, ಬಾಲು ತಿರುಗಿಸೋಳು. ಒಂದೇ ಓವರಲ್ಲಿ ಮೂರು ಜನನ್ನ ಕಳಿಸಿದ್ಳು. ಒಟ್ಟು ಐದು ವಿಕೆಟ್ಟು, 22 ರನ್ನಿಗೆ. ಈ ಲೀಗಲ್ಲಿ ಐದು ವಿಕೆಟ್ ತೆಗೆದ ಮೊದಲನೇ ಭಾರತದೋಳು ಅಂತ ಮಗಳು ಫೋನ್ ನೋಡಿ ಹೇಳಿದ್ಳು. ಕೊನೆಗೆ ಅವರದು 155. ಎರಡೇ ಎರಡು ರನ್ನಲ್ಲಿ ಗೆದ್ವಿ.

ಆ ಕಡೇ ಓವರಲ್ಲಿ ಯಾರೂ ಕೂತಿರಲಿಲ್ಲ. ಮೊಮ್ಮಗಳು ಕುರ್ಚಿ ಮೇಲೆ ಹತ್ತಿ ಕಿರುಚ್ತಾ ಇತ್ತು. ಅಕ್ಕ ಮಾತ್ರ ಕೂತ್ಕೊಂಡೇ ಸಂದೀಲಿ ನೋಡ್ತಿದ್ಳು, ಕೈ ಮಡಿಲಲ್ಲಿ. ಗೆದ್ದ ಮೇಲೆ ಎಲ್ಲಾ ಕುಣೀತಿದ್ದಾಗ ನನ್ನ ಕಡೆ ಬಗ್ಗಿ ಕೇಳಿದ್ಳು, "ಆ ಆಶಾ ಅನ್ನೋಳಿಗೆ ಎಷ್ಟು ವಯಸ್ಸು?" ಮಗಳನ್ನ ಕೇಳಿ, ಮೂವತ್ಮೂರು ತುಂಬ್ತಾ ಬಂತಂತೆ ಅಂದೆ. "ಮೂವತ್ಮೂರಕ್ಕೆ ನಂಗೆ ಮೂರು ಮಕ್ಳು" ಅಂದ್ಳು. ಅಷ್ಟೇ ಅಂದಿದ್ದು. ನಾನೂ ಮುಂದಕ್ಕೆ ಕೇಳಲಿಲ್ಲ. ಇಳಿಯೋವಾಗ, "1976ರಲ್ಲೂ ಇಷ್ಟು ಜನ ಬಂದಿದ್ರಾ ಭಾವ?" ಅಂತ ನಮ್ಮ ಯಜಮಾನ್ರನ್ನ ಕೇಳಿದ್ಳು. ಪಟ್ನಾದ ಮ್ಯಾಚಿಗೆ ಇಪ್ಪತ್ತೈದು ಸಾವಿರ ಜನ ಸೇರಿದ್ರು ಅಂತ ಓದಿದೀನಿ ಅಂದ್ರು ಅವರು. ಅಕ್ಕ ತಲೆ ಆಡಿಸಿದ್ಳು. ಅಪ್ಪನ ಮಾತು ಅವಳಿಗೆ ಪೂರಾ ನೆನಪೈತೆ ಅಂತ ನನಗೆ ಗೊತ್ತಾಗಿದ್ದು ಆಗ. ವರ್ಷ ಸಮೇತ ಹೇಳಿದ್ಳಲ್ಲ.

ರಾತ್ರಿ ಬಾಡಿಗೆ ಕಾರು ಮಾಡ್ಕೊಂಡು ದಾಸರಹಳ್ಳಿಗೆ ಬಂದ್ವಿ. ಗಾಡೀಲಿ ಅಕ್ಕ, ನಾದಿನಿ ಹಾಸಿಗೆ ಮೇಲೆ, ನಾನು ಮೊಮ್ಮಗಳು ಕೆಳಗೆ, ಯಜಮಾನ್ರು ನೆಂಟರ ಮನೆ ಜಗಲೀಲಿ. ಹುಲ್ಲಿನ ವಾಸನೆ ಒಂದಿರಲಿಲ್ಲ, ಮಿಕ್ಕಿದ್ದೆಲ್ಲ ಕಮಾನು ಗಾಡೀನೇ.

ಭಾನುವಾರ ಲಾಲ್‌ಬಾಗು. ಇಲ್ಲಿ ನಮ್ಮ ಶಿರಾ ನಾದಿನಿ ಸರದಿ. ಲಾಲ್‌ಬಾಗ್ ಮಾಡಿಸಿದ್ದು ಹೈದರಾಲಿ, 1760ರಲ್ಲಿ. ಅವನಿಗೆ ಆ ಆಸೆ ಹುಟ್ಟಿಸಿದ್ದು ಶಿರಾದ ಖಾನ್ ಬಾಗ್ ತೋಟ ಅಂತ ಹೇಳ್ತಾರೆ, ದಿಲಾವರ್ ಖಾನ್ ಬೆಳೆಸಿದ್ದು. ಶಿರಾದ ಅರಮನೆ ನೋಡ್ಕೊಂಡೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆ ಕಟ್ಟಿಸಿದ್ರು ಅಂತಾನೂ ಗೆಜೆಟಿಯರಲ್ಲಿ ಐತೆ. ಇದರಲ್ಲಿ ನನಗೊಂದು ತಮಾಷೆ ಕಂಡಿತು. ಹೈದರ್ ಶಿರಾ ಗೆದ್ದಿದ್ದು 1761ರಲ್ಲಿ. ತೋಟ ಶುರುಮಾಡಿದ್ದು ಅದಕ್ಕೆ ಒಂದು ವರ್ಷ ಮುಂಚೆ. ಅಂದ್ರೆ ಊರು ಕೈಗೆ ಸಿಗೋಕೆ ಮುಂಚೇನೇ ಅಲ್ಲಿನ ತೋಟ ಅವನ ಮನಸಲ್ಲಿ ಕೂತಿತ್ತು. ಚೆನ್ನಾಗಿರೋ ಸೀರೆ ಪಕ್ಕದ ಮನೆಯೋಳ ಮೈಮೇಲೆ ನೋಡಿ ಅಂಥದ್ದೇ ತಂದ ಹಂಗೆ. ಆಮೇಲೆ ಆ ಮನೇನೇ ಕಿತ್ಕೊಂಡ.

ಈಗ ಶಿರಾಕ್ಕೆ ಬಂದೋರು ನೋಡೋದು ಕೋಟೆ, ಮಲಿಕ್ ರಿಹಾನ್ ಗೋರಿ, ಜುಮ್ಮಾ ಮಸೀದಿ, ಇಷ್ಟ ಇದ್ದೋರು ಕಗ್ಗಲಡು ಹುಣಸೆಮರದ ಕೊಕ್ಕರೆ. ತೋಟ ನೋಡೋಕೆ ಅಂತ ಬಂದೋರನ್ನ ನಮ್ಮ ನಾದಿನಿ ನಲವತ್ತು ವರ್ಷದಲ್ಲಿ ಕಂಡಿಲ್ಲ. ಗಾಜಿನ ಮನೆ ಮುಂದೆ ನಿಂತು ಅವರು ಕೇಳಿದ್ದು, "ಜನಾನೂ ತಗೊಂಡೋದ್ರು, ತೋಟಾನೂ ತಗೊಂಡೋದ್ರು. ಟಿಕೆಟ್ ಇಸ್ಕೊಂಡು ನಮಗೇ ತೋರಿಸ್ತಾವ್ರಲ್ಲ?" ಯಜಮಾನ್ರು, ಗಾಜಿನ ಮನೆ ಬ್ರಿಟಿಷರದ್ದು, 1889ರಲ್ಲಿ ಅದಕ್ಕೆ ಅಡಿಪಾಯ ಹಾಕಿದ್ದು ಅಂತ ಸಮಾಧಾನ ಮಾಡೋಕೆ ಹೋದ್ರು. "ಗಾಜು ಅವರದ್ದೇ ಇಟ್ಕೊಳ್ಳಿ" ಅಂದ್ರು ನಾದಿನಿ. ಅಕ್ಕ ಬಂಡೆ ಹತ್ತಲಿಲ್ಲ. "ಏಕಶಿಲಾ ಬೆಟ್ಟದ ಬುಡದಲ್ಲಿ ತಂಗಿ ಮನೆ ಇಟ್ಕೊಂಡು ಈ ಗುಂಡು ಹತ್ತೋದಾ" ಅಂತ ಬೆಂಚಿನ ಮೇಲೆ ಕೂತ್ಕೊಂಡು, ಸ್ಟೇಡಿಯಂ ಒಳಕ್ಕೆ ಬಿಡದ ಕಡ್ಲೆಕಾಯಿ ಪೂರಾ ಖಾಲಿ ಮಾಡಿದ್ಳು.

ಸಂಜೆ ಕತ್ತಲಾಗೋ ಹೊತ್ತಿಗೆ ಮಧುಗಿರಿ. ಗಾಡಿ ಅಕ್ಕನ್ನ ಬಿಡೋಕೆ ಪಾವಗಡಕ್ಕೆ ಹೋಯ್ತು. ಬಾಡಿಗೆ ಹಂಚೋವಾಗ ಅಕ್ಕ ತನ್ನ ಪಾಲನ್ನ ಮಗನ ಕೈಯಿಂದ ಕೊಡಿಸಲಿಲ್ಲ. ಹುಣಸೆಹಣ್ಣು ಕುಟ್ಟಿ, ಬೀಜ ಬಿಡಿಸಿ, ಕೂಡಿಟ್ಟ ದುಡ್ಡು ಸೆರಗಿಂದ ಬಿಚ್ಚಿ ಎಣಿಸಿ ಕೊಟ್ಟಳು.

ಮಾರ್ಚ್ 17ಕ್ಕೆ ಆ ಹುಡ್ಗೀರು ದೆಲ್ಲೀಲಿ ಕಪ್ಪು ಗೆದ್ದರು. ಶ್ರೇಯಾಂಕ ಪಾಟೀಲ್ ಫೈನಲ್ಲಲ್ಲಿ 12 ರನ್ನಿಗೆ ನಾಕು ವಿಕೆಟ್ ತೆಗೆದ್ಳು, ನಮ್ಮ ಕನ್ನಡದ ಹುಡ್ಗಿ. ಗಂಡುಮಕ್ಳ ಆರ್‌ಸಿಬಿ ಹದಿನಾರು ಸಲ ಆಡಿ ಒಂದ್ಸಲಾನೂ ತರದಿದ್ದ ಕಪ್ಪು, ಇವರು ಎರಡನೇ ಸಲಕ್ಕೇ ತಂದ್ರು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಕ್ಕನ ಫೋನು. ಅವಳು ತಾನಾಗೇ ಫೋನ್ ಮಾಡೋದು ಯಾರಾದ್ರೂ ಹೋಗಿಬಿಟ್ರೆ ಮಾತ್ರ, ಹಂಗಾಗಿ ಎದೆ ಧಸಕ್ಕೆಂತು. "ಆ ಆಶಾನ್ನ ಇಂಡಿಯಾ ಟೀಮಿಗೆ ಆಡಿಸಿದ್ರಂತೆ ಕಣೇ, ಬಾಂಗ್ಲಾದೇಶದ ಮೇಲೆ. ಮೂವತ್ಮೂರಕ್ಕೆ!" ಅಂದ್ಳು. ಆಮೇಲೆ, ಗಾಡಿಯೋನ ನಂಬರ್ ಇನ್ನೂ ಇಟ್ಕೊಂಡಿದೀಯಾ ಅಂತ ಕೇಳಿದ್ಳು.